ಅಡಕ: ಡೈರಿಯ ನಕಲು ಒಂದು

ದಾರಿ ಕೇಳಿಕೊಂಡು ನಿಂತ ಮನುಷ್ಯನಷ್ಟು ಅಸಹಾಯಕ ಜೀವಿ ಭೂಮಿಯ ಮೇಲೆ ಇನ್ನೊಂದಿಲ್ಲ. ಅವನಿಗೆ ಸರಿಯಾದ ದಾರಿ ಹೇಳುವುದು ನಾಗರಿಕ ಸಮಾಜದ ಮೊದಲ ಕರ್ತವ್ಯ. ಈ ಮಾತನ್ನು ನಾನು ಒಮ್ಮೆ ಕಡತದ ಟಿಪ್ಪಣಿಯಲ್ಲಿ ಬರೆದಿದ್ದೆ. ಮೇಲಧಿಕಾರಿಗಳು ಅದರ ಪಕ್ಕಕ್ಕೆ ‘ಅನಾವಶ್ಯಕ’ ಎಂದು ಬರೆದು ಸಹಿ ಹಾಕಿದರು.

ಹೊಸಪೇಟೆಯಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ ನಮ್ಮ ಕಚೇರಿಯದೊಂದು ಪ್ರಯಾಣಿಕರ ಮಾಹಿತಿ ಕೇಂದ್ರವಿತ್ತು. ಕೇಂದ್ರ ಎಂದರೆ ಒಂದು ಕೋಣೆ, ಅದಕ್ಕೊಂದು ಕಿಟಕಿ. ಕೋಣೆಯಲ್ಲಿ ಹಿರಿಯ ಗುಮಾಸ್ತನಾದ ನಾನು. ಕಿಟಕಿಯಲ್ಲಿ ಗುತ್ತಿಗೆಯ ಮೇಲೆ ಬಂದ ಒಬ್ಬ ಹೆಣ್ಣುಮಗಳು. ಕಂಪ್ಲಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಗಂಡನಿಗೆ ಅದಿರು ಲಾರಿ ಓಡಿಸುವ ಕೆಲಸ ತಪ್ಪಿ, ಮನೆಗೆ ಬರುವ ಸಂಬಳ ಈಕೆಯದೊಂದೇ ಆಗಿತ್ತು. ಗುತ್ತಿಗೆ ವರ್ಷ ವರ್ಷವೂ ನವೀಕರಣವಾಗಬೇಕು. ಆ ಕಾಗದ ಬರುವ ತಿಂಗಳಲ್ಲಿ ಆಕೆ ಕಿಟಕಿಯ ಸರಳುಗಳನ್ನು ದಿನಕ್ಕೆರಡು ಸಲ ಒರೆಸುತ್ತಿದ್ದಳು.

ನಮ್ಮ ವೇಳಾಪಟ್ಟಿ ಬಸ್ಸು ಯಾವಾಗ ಬರಬೇಕು ಎಂದು ಹೇಳುತ್ತಿತ್ತು. ಆಕೆ ಯಾವಾಗ ಬರುತ್ತದೆ ಎಂದು ಹೇಳುತ್ತಿದ್ದಳು. ಯಾವುದೋ ಅಕ್ಕಿ ಗಿರಣಿಯವರು ಹೊಸ ವರ್ಷಕ್ಕೆ ಹಂಚಿದ್ದ ಡೈರಿಯಲ್ಲಿ ಎಲ್ಲವನ್ನೂ ಬರೆದಿಟ್ಟುಕೊಂಡಿದ್ದಳು. ಸಂಡೂರಿನ ಹತ್ತೂವರೆ ಬಸ್ಸು ಹನ್ನೊಂದಕ್ಕೆ. ಅದೂ ದೋಣಿಮಲೈ ಗಣಿಯ ಸ್ಟಾಫ್ ಬಸ್ಸು ದಾಟಿದ ಮೇಲೆಯೇ. ಹುಣ್ಣಿಮೆಗೆ ಹಂಪಿ ಬಜಾರಿನ ತನಕ ಗಾಡಿ ಬಿಡುವುದಿಲ್ಲ, ದೂರದಲ್ಲೇ ಇಳಿದು ನಡೆಯಬೇಕು, ಮುದುಕರಿಗೆ ಮೊದಲೇ ಹೇಳುವುದು. ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟರೆ ಕಂಪ್ಲಿ ಸೇತುವೆ ಬಂದ್. ಹೊಳೆಯಾಚೆ ಗಂಗಾವತಿಗೆ ಹೋಗುವವರನ್ನು ಆ ದಾರಿಗೆ ಕಳಿಸಬಾರದು.

ಹೀಗಿರುವಾಗ ಸರ್ಕಾರಿ–ಖಾಸಗಿ ಸಹಭಾಗಿತ್ವ ಬಂತು. ಒಪ್ಪಂದವನ್ನು ಮೂರು ಸಲ ಓದಿದೆ, ಗುಮಾಸ್ತನ ಜನ್ಮ. ಜಾಗ, ಕರೆಂಟು, ಮಾಹಿತಿ ನಮ್ಮದು. ಪರದೆ, ಮೊಬೈಲ್ ಆ್ಯಪು, ಪರದೆಯ ಮೇಲಿನ ಜಾಹೀರಾತು ಕಂಪನಿಯದು. ಮಾಹಿತಿ ತಪ್ಪಾದರೆ ಹೊಣೆ ಯಾರದು ಎಂಬಲ್ಲಿ ‘ಉಭಯ ಪಕ್ಷಗಳೂ ಪರಸ್ಪರ ಸಮಾಲೋಚಿಸತಕ್ಕದ್ದು’ ಎಂದಿತ್ತು. ಮದುವೆಯಲ್ಲಿ ಕೂಡ ಇಷ್ಟು ಎಚ್ಚರಿಕೆಯಿಂದ ಯಾರೂ ಮಾತು ಕೊಡುವುದಿಲ್ಲ.

ಪರದೆ ಕೂಡಿಸಿ, ನಾವು ಕೊಟ್ಟ ವೇಳಾಪಟ್ಟಿಯನ್ನು ಬಣ್ಣಬಣ್ಣದಲ್ಲಿ ಓಡಿಸಿದರು. ಕಂಪನಿಯ ಮ್ಯಾನೇಜರರು ಬೆಂಗಳೂರಿನಿಂದ ಬಂದು ನನ್ನ ಪಕ್ಕ ನಿಂತರು. ಸಂಡೂರಿಗೆ ಹೊರಟ ಮುದುಕಿಯೊಬ್ಬಳು ಪರದೆಯನ್ನು ಭಕ್ತಿಯಿಂದ ನೋಡಿ, ನೇರ ಕಿಟಕಿಗೆ ಬಂದಳು.

“ಯವ್ವಾ, ಟಿವ್ಯಾಗ ಹತ್ತೂವರೆ ಅಂತ ಬಂದೈತಿ. ಖರೇ ಯಾವಾಗ ಬರ್ತೈತಿ?”

“ಹನ್ನೊಂದಾಕ್ಕೈತಿ ಬೇ. ಕುಂದ್ರು, ಬಂದ್ರ ಕರೀತೀನಿ.”

“ಮತ್ತ ಅಲ್ಲ್ಯಾಕ ಹಂಗ ಹಾಕ್ಯಾರ?”

“ಚಂದ ಕಾಣ್ಲಿ ಅಂತ.”

ನಾನು ನಕ್ಕೆ. ಮ್ಯಾನೇಜರರು ನಗಲಿಲ್ಲ. “ಸರ್, ಪಬ್ಲಿಕ್ ಸ್ಕ್ರೀನ್ ನೋಡ್ತಾನೇ ಇಲ್ಲ. ಆ ಮೇಡಂ ಅಲ್ಲಿ ಕೂತಿರೋತನಕ ನೋಡೋದೂ ಇಲ್ಲ” ಎಂದರು.

ಹದಿನೈದು ದಿನಕ್ಕೆ ಮೇಲಿನಿಂದ ಕಾಗದ ಬಂತು: ಪರದೆಗಳು ಬಂದಿರುವ ಹಿನ್ನೆಲೆಯಲ್ಲಿ ಕಿಟಕಿಯ ಹುದ್ದೆ ಬೇಕೇ ಬೇಡವೇ, ಅಭಿಪ್ರಾಯ ಸಲ್ಲಿಸುವುದು.

“ನನ್ನ ತೆಗೀತಾರೇನ್ರಿ ಸಾರ್?” ಎಂದಳು.

“ಹೆಂಗ ತೆಗೀತಾರವ್ವ? ನಾ ಬರೀತೀನಿ. ನಿನ್ನ ಡೈರಿ ಕೊಡು.”

“ಅದ್ಯಾಕ್ರಿ? ಅದರಾಗ ನನ್ನ ರಂಗೋಲಿನೂ ಅದಾವ.”

“ಇರ್ಲಿ ಬಿಡು. ಪುರಾವೆ ಬೇಕು.”

ಕಚೇರಿಯಲ್ಲಿ ಬೆಳೆದವರಿಗೆ ಒಂದು ನಂಬಿಕೆ ಇರುತ್ತದೆ: ಬಾಯಿಮಾತನ್ನು ಯಾರಾದರೂ ತಳ್ಳಿಹಾಕಬಹುದು, ಅಡಕವನ್ನು ದೇವರೂ ತಳ್ಳಿಹಾಕಲಾರ. ಈಕೆಗೆ ಏನೇನು ಗೊತ್ತಿದೆ ಎಂಬುದನ್ನು ಕಣ್ಣಾರೆ ಕಂಡರೆ ಸಾಹೇಬರು ಹುದ್ದೆ ಉಳಿಸದೆ ಏನು ಮಾಡಿಯಾರು? ನಾಲ್ಕು ಪುಟದ ಅಭಿಪ್ರಾಯ ಬರೆದೆ. ಕೆಳಗೆ ‘ಅಡಕ: ಡೈರಿಯ ನಕಲು ಒಂದು’ ಎಂದು ನಮೂದಿಸಿದೆ. ಝೆರಾಕ್ಸ್ ಅಂಗಡಿಯಲ್ಲಿ ಖುದ್ದು ನಿಂತು ನಕಲು ಮಾಡಿಸಿ, ಪ್ರತಿ ಪುಟಕ್ಕೂ ಮೊಹರು ಹಾಕಿ ದೃಢೀಕರಿಸಿದೆ. ರಂಗೋಲಿಗಳನ್ನೂ.

ಒಂದು ತಿಂಗಳು ಸುದ್ದಿ ಇರಲಿಲ್ಲ. ಆಮೇಲೊಂದು ಬೆಳಿಗ್ಗೆ ಆಕೆ ಕಿಟಕಿಯಿಂದಲೇ ಕರೆದಳು. “ಸಾರ್, ಇಲ್ಲಿ ಬರ್ರಿ. ನನ್ನ ಡೈರಿ ಅಲ್ಲಿ ಓಡಾಕತ್ತೈತಿ.”

ಪರದೆಯ ಮೇಲೆ ಸಂಡೂರು ಬಸ್ಸಿಗೆ ಹನ್ನೊಂದು ಎಂದಿತ್ತು. ಕೆಳಗೆ ಹಂಪಿಯ ವಿಷಯ ಸಾಗುತ್ತಿತ್ತು: ‘ದೂರದಲ್ಲೇ ಇಳಿದು ನಡೆಯಬೇಕು, ಮುದುಕರಿಗೆ ಮೊದಲೇ ಹೇಳುವುದು.’ ಯಾರು ಹೇಳುವುದು ಎಂದು ಇರಲಿಲ್ಲ. ನನ್ನ ಅಡಕವನ್ನು ಸಾಹೇಬರು ಕಂಪನಿಗೆ ಕಳಿಸಿದ್ದರು. ಒಪ್ಪಂದದಂತೆ ಮಾಹಿತಿ ಒದಗಿಸುವುದು ನಮ್ಮ ಪಾಲಿನ ಕೆಲಸವಷ್ಟೆ. ಅದೇ ವಾರ ಸಂಡೂರಿನ ಮುದುಕಿ ಮತ್ತೆ ಬಂದಳು. ಪರದೆ ನೋಡಿದಳು, ಬಸ್ಸು ಬಂದಾಗ ಗಡಿಯಾರ ನೋಡಿದಳು. “ಈಗ ಖರೇ ಹೇಳಾಕ ಕಲ್ತೈತಿ ನೋಡು” ಎಂದು ಯಾರಿಗೋ ಹೇಳುತ್ತ ಹತ್ತಿಕೊಂಡಳು. ಕಿಟಕಿಯ ಕಡೆ ಬರಲೇ ಇಲ್ಲ.

ಆಮೇಲೆ ಬಂದ ಆದೇಶದಲ್ಲಿ ನನ್ನ ಪತ್ರವನ್ನೇ ಉಲ್ಲೇಖಿಸಿದ್ದರು. ‘ಅಡಕದಿಂದ ಸಂಪೂರ್ಣ ಮಾಹಿತಿ ದೊರೆತಿದ್ದು, ಸದರಿ ಹುದ್ದೆಯನ್ನು ಮುಂದುವರಿಸುವ ಅವಶ್ಯಕತೆ ಕಂಡುಬರುವುದಿಲ್ಲ.’ ಆಕೆಗೆ ಓದಿ ಹೇಳುವಾಗ ನನ್ನ ದನಿ ಎಂದಿನಂತೆ ಗಂಭೀರವಾಗಿಯೇ ಇತ್ತು. ಅದಕ್ಕೆ ಬೇರೆ ಅಭ್ಯಾಸವಿಲ್ಲ.

ಆಕೆ ಡೈರಿಯನ್ನು ಚೀಲಕ್ಕೆ ಹಾಕಿಕೊಂಡಳು. “ನೀವೇನ್ ಕಡಿಮಿ ಬರದ್ರೇನ್ರಿ ಸಾರ್? ಭಾಳ ಚಲೋ ಬರದ್ರಿ. ಅದಕ್ಕ ಹಿಂಗಾತು.”

ಮಳೆಗಾಲದಲ್ಲಿ ಡ್ಯಾಮು ತುಂಬಿ ನೀರು ಬಿಟ್ಟರು. ‘ಜಾಸ್ತಿ ನೀರು ಬಿಟ್ಟರೆ ಸೇತುವೆ ಬಂದ್’ ಎಂದು ಪರದೆ ಸಾರುತ್ತಲೇ ಇತ್ತು. ಬಿಟ್ಟಿದ್ದಾರೋ ಇಲ್ಲವೋ ಎಂಬುದು ಅದಕ್ಕೆ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಗಂಗಾವತಿಗೆ ಹೊರಟವರು ಕಂಪ್ಲಿಯ ತನಕ ಹೋಗಿ, ಹೊಳೆ ನೋಡಿ, ನೆನೆದು ವಾಪಸು ಬಂದರು. ಅವರಲ್ಲಿ ಆಸ್ಪತ್ರೆಗೆ ಹೊರಟ ಬಸುರಿಯೂ ಇದ್ದಳು. ಆಗ ನನಗೆ ಹೊಳೆಯಿತು. ಕಿಟಕಿಯ ಹೆಣ್ಣುಮಗಳು ದಿನಾ ಬೆಳಿಗ್ಗೆ ಕಂಪ್ಲಿಯಲ್ಲಿ ಬಸ್ಸು ಹತ್ತುವ ಮೊದಲು ಹೊಳೆಯ ದಂಡೆಗೆ ಹೋಗಿ ನೀರು ನೋಡಿ ಬರುತ್ತಿದ್ದಳು. ಅದು ಡೈರಿಯಲ್ಲಿ ಇರಲಿಲ್ಲ. ಮುಖ ತೊಳೆದುಕೊಂಡೆ ಎಂದು ಯಾರೂ ಬರೆದಿಡುವುದಿಲ್ಲವಲ್ಲ.

ಉಭಯ ಪಕ್ಷಗಳೂ ಸಮಾಲೋಚಿಸಿದವು. ಮ್ಯಾನೇಜರರು ಫೋನಿನಲ್ಲಿ, “ಸರ್, ಆ ಮೇಡಂ ಡೈಲಿ ಒಂದು ಮೆಸೇಜ್ ಹಾಕಿದ್ರೆ ಸಾಕು, ಕೇಳಿ ನೋಡಿ” ಎಂದರು. ಕೇಳಿದೆ.

“ಕೆಲಸ ಕೊಡ್ತಾರೇನ್ರಿ?”

“ಇಲ್ಲವ್ವ. ಮೆಸೇಜ್ ಅಷ್ಟ.”

ಫೋನಿನ ಆಚೆ ಕಡೆ ಗಿರಣಿಯ ಸದ್ದು ಕೇಳುತ್ತಿತ್ತು. “ಇವತ್ತ ಸೇತುವಿ ಮ್ಯಾಲ ಮೊಣಕಾಲ ಮಟ ನೀರ ಐತ್ರಿ. ಇದೊಂದ್ ಹೇಳಿಬಿಡ್ರಿ ಸಾರ್. ನಾಳಿಂದ ಕೇಳಬ್ಯಾಡ್ರಿ.”

ನಾನು ಮತ್ತೆ ಕೇಳಲಿಲ್ಲ. ಆಕೆ ಈಗ ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಚೀಲ ಹೊಲಿಯುತ್ತಾಳೆ. ಕಿಟಕಿಯನ್ನು ಮುಚ್ಚಿ, ಅದರ ಮೇಲೆ ಎರಡನೆಯ ಪರದೆ ಕೂಡಿಸಿದ್ದಾರೆ.