ಚಕ್ಕಳಮಕ್ಕಳ ಕೂತು ಕಂಟ್ರಿ ಸಂಗೀತ

ಮುಂಬೈ ಬಿಟ್ಟು ಆರು ಗಂಟೆ ಹಾರಿ ನೈರೋಬಿಯಲ್ಲಿ ಇಳಿದಾಗ ಜುಲೈ ತಿಂಗಳ ಬೆಳಗು, ಹದಿಮೂರು ಡಿಗ್ರಿ ಚಳಿ. ಆಫ್ರಿಕಾ ಎಂದರೆ ಬಿಸಿಲು ಎಂದು ನಂಬಿ ಸ್ವೆಟರನ್ನು ಮೈಸೂರಿನಲ್ಲೇ ಬಿಟ್ಟುಬಂದಿದ್ದೆ. ಕರೆದೊಯ್ಯಲು ಬಂದ ನಾಗರಾಜಣ್ಣ ತಮ್ಮ ಸ್ವೆಟರ್ ಬಿಚ್ಚಿ ಕೊಟ್ಟರು. ಅವರು ಔಷಧಿ ಕಾರ್ಖಾನೆಯೊಂದರ ಮ್ಯಾನೇಜರ್. ಹೆಂಡತಿ, ಮಗಳೊಂದಿಗೆ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯಲ್ಲಿ ಹದಿನೆಂಟು ವರ್ಷದಿಂದ ಇದ್ದಾರೆ. ಅವರ ತಂಗಿ ಶೈಲಜಾ ನನ್ನ ಎಂ.ಎಸ್ಸಿ. ಸಹಪಾಠಿ. ಇಲ್ಲಿನ ಬ್ಯಾಂಕೊಂದರಲ್ಲಿ ಕೆಲಸ, ಕಿಲೆಲೆಶ್ವಾದಲ್ಲಿ ಬೇರೆ ಮನೆ. ಇಲ್ಲಿರುವ ಜನರ ಹೆಸರುಗಳು ನಿಜವಾದವಲ್ಲ, ಆಕೆಯೇ ಇಟ್ಟುಕೊಟ್ಟವು. ಆಕೆ ಓದಿ ಒಪ್ಪಿದ ಮೇಲೆಯೇ ಇದನ್ನು ಅಚ್ಚಿಗೆ ಕಳಿಸುತ್ತಿದ್ದೇನೆ. ಆಕೆ ಪಿಟೀಲು ನುಡಿಸುವ ಬ್ಯಾಂಡಿನ ಹೆಸರನ್ನಂತೂ ಬರೆಯುವುದಿಲ್ಲ.

ಶನಿವಾರ ನೂರು ಶಿಲಿಂಗ್ ಕೊಟ್ಟು ಮಟಾಟು ಎಂಬ ಖಾಸಗಿ ವ್ಯಾನ್ ಹತ್ತಿ ಪೇಟೆಗೆ ಹೋದೆ. ಅಲ್ಲಿಂದ ಇನ್ನೊಂದು ಮಟಾಟುವಿನಲ್ಲಿ ಕಿಲೆಲೆಶ್ವಾ. ಹಾಡಿನ ಅಬ್ಬರದಲ್ಲಿ ಕಂಡಕ್ಟರನ ಮಾತು ಕೇಳಿಸದೆ ಒಂದು ಸ್ಟಾಪ್ ಮುಂದೆ ಇಳಿದು ವಾಪಸು ನಡೆದೆ. ಮೂರನೇ ಮಹಡಿಯ ಮನೆಯಲ್ಲಿ ಅಭ್ಯಾಸ ಆಗಲೇ ಶುರುವಾಗಿತ್ತು. ಗಿಟಾರ್ ನುಡಿಸುತ್ತ ಹಾಡುವವಳು ವಂಜಿರು, ಶಾಲೆಯೊಂದರಲ್ಲಿ ಗಣಿತದ ಟೀಚರ್. ಡ್ರಮ್ಸ್ ಅಕಿನ್ಯಿಯದು. ಶೈಲಜಾಳದು ಪಿಟೀಲು. ನುಡಿಸುವುದು ಅಮೆರಿಕದ ದನಗಾಹಿ ಸೀಮೆಯ ಕಂಟ್ರಿ ಸಂಗೀತ. ರೇಡಿಯೋ ಕಾಲದಿಂದ ಕೀನ್ಯಾದ ಜನ ಅದನ್ನು ತಮ್ಮದೇ ಮಾಡಿಕೊಂಡಿದ್ದಾರೆ. ಮೂವರೂ ಹೆಣ್ಣನ್ನು ಪ್ರೀತಿಸುವ ಹೆಂಗಸರು. ಶೈಲಜಾ, ವಂಜಿರು ನಾಲ್ಕು ವರ್ಷದಿಂದ ಜೊತೆಯಾಗಿ ಬಾಳುತ್ತಿದ್ದಾರೆ. ಇಲ್ಲಿನ ಕಾನೂನು ಇಂಥವರ ಕಡೆಗಿಲ್ಲ. ಆದ್ದರಿಂದ ಪೋಸ್ಟರಿನಲ್ಲಿ 'ಮಹಿಳಾ ತಂಡ' ಎಂದಷ್ಟೇ ಇರುತ್ತದೆ.

ಶೈಲಜಾ ನಮ್ಮ ಕಚೇರಿಗಳಲ್ಲಿ ಕೂರುವಂತೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತುದಿಯನ್ನು ಕಾಲಿನ ಮೇಲೆ ಊರಿಕೊಂಡು ನುಡಿಸುತ್ತಾಳೆ. ನಿಂತರೆ ಕೈ ಓಡುವುದಿಲ್ಲವಂತೆ. ತಂತಿಗಳೂ ನಮ್ಮ ಷಡ್ಜ ಪಂಚಮದ ಶ್ರುತಿಯಲ್ಲೇ. ವಂಜಿರು ಹಾಡಿನ ಶ್ರುತಿ ಬದಲಿಸಿದರೆ ಇವಳು ಪಿಟೀಲನ್ನೇ ಬದಲಿಸಬೇಕು, ಅದಕ್ಕಾಗಿ ಎರಡು ಇಟ್ಟುಕೊಂಡಿದ್ದಾಳೆ. ಅಕಿನ್ಯಿ ನನಗೆ ಇಂಗ್ಲಿಷಿನಲ್ಲಿ ಹೇಳಿದ್ದು: "ಅವಳನ್ನ ಎದ್ದು ನಿಲ್ಲಿಸೋಕೆ ಎರಡು ವರ್ಷ ಒದ್ದಾಡಿದ್ವಿ. ಆಮೇಲೆ ಅವಳಿಗೆ ಕೂರೋಕೆ ಮಣೆ ಕೊಳ್ಳೋದೇ ಸುಲಭ ಅನ್ನಿಸ್ತು."

ಇನ್ನೊಂದು ಪದ್ಧತಿಯೂ ಇದೆ. ಗಂಡಸರು ತಮ್ಮ ನಲ್ಲೆಯರಿಗಾಗಿ ಹಾಡಿದ ಹಳೆಯ ಹಾಡುಗಳಲ್ಲಿ ಇವರು ಒಂದು ಪದವನ್ನೂ ತಿದ್ದುವುದಿಲ್ಲ. ಹೆಣ್ಣು ಹೆಣ್ಣಿಗೇ ಹಾಡಿದಂತೆ ಆಗುತ್ತದೆ. ಕೇಳುವವರು ಅದನ್ನು ಮೂಲದ ಮೇಲಿನ ನಿಷ್ಠೆ ಎಂದುಕೊಳ್ಳುತ್ತಾರೆ. ಯಾರಿಗೂ ಅನುಮಾನ ಬರುವುದಿಲ್ಲವೇ ಎಂದು ಕೇಳಿದೆ.

"ನಮ್ಮಲ್ಲಿ ಮೀಸೆ ಹೊತ್ತ ಭಾಗವತರು ನಲ್ಲ ಬರಲಿಲ್ಲ ಅಂತ ಗಂಟೆಗಟ್ಲೆ ಅಳ್ತಾರೆ. ಯಾವತ್ತಾದ್ರೂ ಅನುಮಾನ ಪಟ್ಟಿದೀಯೇನೋ?" ಎಂದಳು ಶೈಲಜಾ.

ಹೊರಡುವಾಗ ಆಕೆ ಬಾಗಿಲವರೆಗೆ ಬಂದು, ಭಾನುವಾರದ ಕಾರ್ಯಕ್ರಮಕ್ಕೆ ಅಣ್ಣನನ್ನು ಕರೆತರಲು ಹೇಳಿದಳು. ವಂಜಿರು ವಿಷಯ ಅಣ್ಣನಿಗೆ ತಿಳಿಯುವ ಬಗ್ಗೆಯೂ ಏನೋ ಹೇಳಿದಳು. ಆ ದಿನ ಟಿಪ್ಪಣಿ ಪುಸ್ತಕದಲ್ಲಿ ನಾನು ಮಟಾಟುವಿನ ದರ, ಪಿಟೀಲಿನ ಶ್ರುತಿ ಎಲ್ಲ ಬರೆದಿದ್ದೇನೆ. ಇದೊಂದನ್ನು ಬರೆದಿಲ್ಲ. ಅಣ್ಣನಿಗೆ ಆಗಲೇ ಹೇಳಿಯಾಗಿದೆ ಎಂದಳೆಂದು ನನ್ನ ನೆನಪು.

ಭಾನುವಾರದ ಕಾರ್ಯಕ್ರಮ ಕರೆನ್ ಎಂಬ ಬಡಾವಣೆಯಲ್ಲಿ, ಪಾರ್ಕ್‌ಲ್ಯಾಂಡ್ಸ್‌ನಿಂದ ಸುಮಾರು ಇಪ್ಪತ್ತು ಕಿಲೋಮೀಟರು. ದಾರಿಯುದ್ದಕ್ಕೂ ನಾಗರಾಜಣ್ಣ ತಂಗಿಗೆ ನೋಡಿದ ಬೆಂಗಳೂರಿನ ಒಬ್ಬ ವರನ ಬಗ್ಗೆ ಹೇಳುತ್ತಿದ್ದರು. ಒಳ್ಳೆಯ ಕೆಲಸ, ಜಾತಕವೂ ಕೂಡುತ್ತದೆ, ಸ್ನೇಹಿತರ ಮಾತಾದರೆ ಕೇಳಿಯಾಳು, ನೀವೇ ಹೇಳಿ ಎಂದರು.

"ವಂಜಿರು ಇರುವಾಗ ಇನ್ನು ವರ ಯಾಕಣ್ಣ?" ಎಂದುಬಿಟ್ಟೆ.

ಅವರು ಕಾರಿನ ವೇಗ ತಗ್ಗಿಸಿದರು. ಆಮೇಲೆ, ಎಷ್ಟು ದಿನದಿಂದ ಎಂದಷ್ಟೇ ಕೇಳಿದರು. ನನ್ನ ತಪ್ಪು ಆಗ ಗೊತ್ತಾಯಿತು. ನಾಲ್ಕು ವರ್ಷ ಎಂದೆ. ತೋಟದ ಹೋಟೆಲು ತಲುಪಿದರೂ ಅವರು ಕಾರಿನಿಂದ ಇಳಿಯಲಿಲ್ಲ.

ವೇದಿಕೆಯ ಹಿಂಬದಿಯಲ್ಲಿ ಶ್ರುತಿ ಮಾಡಿಕೊಳ್ಳುತ್ತಿದ್ದ ಶೈಲಜಾಳಿಗೆ ಹೋಗಿ ಹೇಳಿದೆ.

"ಹಾಡು ಮುಗಿದ ಮೇಲೆ ನಾನೇ ಹೇಳ್ತೀನಿ ಅಂತ ಮೂರು ಸಲ ಹೇಳಿದ್ನಲ್ಲೋ. ನಾಲ್ಕು ವರ್ಷದಿಂದ ಬಾಯಿಪಾಠ ಮಾಡಿದ ಮಾತದು. ನೀನು ಕಾರಲ್ಲಿ ಒದರಿಬಿಟ್ಯಾ?"

ನನಗೆ ಒಂದು ಸಲವೂ ನೆನಪಿರಲಿಲ್ಲ. ಬೇಕಾದರೆ ಅಣ್ಣನ ಹತ್ತಿರ ಹೋಗು, ನಾವಿಬ್ಬರೇ ಶುರು ಮಾಡುತ್ತೇವೆ ಎಂದಳು ವಂಜಿರು. ಶೈಲಜಾ ಹೋಗಲಿಲ್ಲ. ಮಣೆಯ ಮೇಲೆ ಹತ್ತಿ ಕೂತಳು.

ಮಧ್ಯಾಹ್ನ ಮೂರು ಗಂಟೆ, ಮೋಡ, ಸುಟ್ಟ ಮೇಕೆ ಮಾಂಸದ ಹೊಗೆ. ನನಗೆ ಆಲೂಗಡ್ಡೆ ಚಿಪ್ಸು, ಈರುಳ್ಳಿ ಟೊಮೇಟೊ ಹೆಚ್ಚಿದ ತಟ್ಟೆ. ದೊಡ್ಡ ಟೋಪಿ ಹಾಕಿದ ಗಂಡಸರು ಹೆಂಡತಿಯರ ಸೊಂಟ ಹಿಡಿದು ಕುಣಿಯುತ್ತಿದ್ದರು. ಹುಡುಗಿಯರೇ, ಗಂಡಂದಿರನ್ನು ಎಲ್ಲಿ ಬಚ್ಚಿಟ್ಟಿದ್ದೀರಿ ಎಂದು ನಿರೂಪಕ ಮೈಕಿನಲ್ಲಿ ಕೆಣಕಿದ. ಅಡುಗೆಮನೆಯಲ್ಲಿ ನಿನ್ನ ಪಾತ್ರೆ ತೊಳೆಯುತ್ತಿದ್ದಾರೆ ಎಂದಳು ಅಕಿನ್ಯಿ. ತೋಟವೆಲ್ಲ ನಕ್ಕಿತು.

ನಾಲ್ಕನೆಯ ಹಾಡಿಗೆ ನಾಗರಾಜಣ್ಣ ಬಂದು ನನ್ನ ಪಕ್ಕ ನಿಂತರು. ವಂಜಿರು ಕಣ್ಣು ಮುಚ್ಚಿ ಯಾರೋ ನಲ್ಲೆಯನ್ನು ಕರೆದು ಹಾಡುತ್ತಿದ್ದಳು. ಅವಳ ದನಿ ನಿಂತಲ್ಲಿ ಪಿಟೀಲು ಎತ್ತಿಕೊಳ್ಳುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ನೋಡದಿರುವುದೂ ಅಭ್ಯಾಸವೇ ಇರಬೇಕು. ಟೋಪಿಯವರೆಲ್ಲ ದನಿಗೂಡಿಸಿದರು.

"ಇವರಿಗೆಲ್ಲ ಗೊತ್ತಾ?" ಎಂದರು ನಾಗರಾಜಣ್ಣ.

ಇಲ್ಲ ಎಂದೆ.

"ಗೊತ್ತಾದ್ರೆ?"

ಆಮೇಲೆ ಅವರು ವೇದಿಕೆ ನೋಡಲಿಲ್ಲ. ಕಡೆಯ ಹಾಡಿನವರೆಗೂ ಕೇಳುವವರ ಮುಖಗಳನ್ನೇ ಒಂದೊಂದಾಗಿ ನೋಡುತ್ತ ನಿಂತಿದ್ದರು.

ಕಾರು ನಿಲ್ಲಿಸಿದ ಕಡೆಗೆ ಶೈಲಜಾ ಪಿಟೀಲಿನ ಪೆಟ್ಟಿಗೆಗಳನ್ನು ಹಿಡಿದು ಬಂದಳು. ಹಿಂದೆಯೇ ವಂಜಿರು. ನಾನು ದೂರ ಸರಿಯಹೋದರೆ ಶೈಲಜಾ ತಡೆದಳು. "ಇಲ್ಲೇ ನಿಲ್ಲು. ನೀನು ಹೇಳಿದ್ದು ಲೆಕ್ಕಕ್ಕಿಲ್ಲ. ಅಣ್ಣ, ನಾನು ಹೇಳ್ತೀನಿ, ಕೇಳು."

ಹೇಳಿದಳು. ಬಾಯಿಪಾಠ ಮಾಡಿದ್ದು ಪೂರ್ತಿ ಬರಲಿಲ್ಲವೆಂದು ಕಾಣುತ್ತದೆ, ನಡುವೆ ಎರಡು ಸಲ ನಿಂತಳು. ನಾಗರಾಜಣ್ಣ ಕೀಲಿ ಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತ ಪೂರ್ತಿ ಕೇಳಿಸಿಕೊಂಡರು.

"ಹದಿಮೂರು ಜನಕ್ಕೆ ಜಾತಕ ಕಳಿಸಿದೀನಲ್ಲೇ. ಈಗ ಏನಂತ ಹೇಳಲಿ?"

"ಹುಡುಗಿ ಒಪ್ಪಲಿಲ್ಲ ಅನ್ನು."

"ಕಾರಣ ಕೇಳ್ತಾರೆ."

"ಕೇಳಲಿ ಬಿಡು."

ಅವರು ವಂಜಿರುವಿನ ಕಡೆ ತಿರುಗಿ ಸ್ವಾಹಿಲಿಯಲ್ಲಿ ಏನೋ ಕೇಳಿದರು. ಅವಳು ಚುಟುಕಾಗಿ ಉತ್ತರಿಸಿದಳು. ಶಾಲೆಯಲ್ಲಿ ಯಾರಿಗಾದರೂ ತಿಳಿದಿದೆಯೇ ಎಂದು ಕೇಳಿದರಂತೆ, ಇಲ್ಲ ಎಂದಳಂತೆ. ಹುಷಾರಾಗಿರು ಎಂದು ಅವಳಿಗೆ ಹೇಳಿ, ಪೆಟ್ಟಿಗೆಗಳನ್ನು ತೆಗೆದುಕೊಂಡು ಡಿಕ್ಕಿಯಲ್ಲಿಟ್ಟರು. ಇಬ್ಬರನ್ನೂ ಕಿಲೆಲೆಶ್ವಾಕ್ಕೆ ಬಿಟ್ಟೆವು. ಮೇಲೆ ಬಾ ಎಂದು ಶೈಲಜಾ ಅಣ್ಣನನ್ನು ಕರೆದಳು. ಇವತ್ತು ಬೇಡ ಎಂದರು.

ಬುಧವಾರ ಅವರೇ ವಿಮಾನ ನಿಲ್ದಾಣಕ್ಕೆ ಬಿಟ್ಟರು. ಸೂಟ್‌ಕೇಸ್ ಇಳಿಸಿದ ಮೇಲೆ, ಹನ್ನೊಂದು ಮನೆಗೆ ಹುಡುಗಿ ಒಪ್ಪಲಿಲ್ಲವೆಂದು ಬರೆದಾಯಿತು, ಎರಡು ಉಳಿದಿವೆ ಎಂದರು. ಹಿಂದಿನ ಕಾರಿನವನು ಹಾರನ್ ಹೊಡೆಯುತ್ತಿದ್ದ.

"ಮೈಸೂರಲ್ಲಿ ಅಮ್ಮ ಸಿಗ್ತಾರೆ, ಶೈಲು ಹೇಗಿದಾಳೆ ಅಂತ ಕೇಳೇ ಕೇಳ್ತಾರೆ. ಚೆನ್ನಾಗಿದಾಳೆ ಅನ್ನಿ, ಅಷ್ಟೇ. ಮಿಕ್ಕಿದ್ದು ಅವಳೇ ಹೇಳಬೇಕು."

ಆಗಲಿ ಎಂದೆ. ಅವರು ಕದಲಲಿಲ್ಲ.

"ಏನಂತ ಹೇಳ್ತೀರಿ, ಹೇಳಿ ನೋಡೋಣ."

"ಚೆನ್ನಾಗಿದಾಳೆ."

"ಹಾಂ," ಎಂದು ಕಾರು ಹತ್ತಿದರು.