ಕೋಳ ಹಾಕಿದ್ದು ಇಲ್ಲೆ

ಅಪ್ಪಯ್ಯನ ಕೈಗೆ ಕೋಳ ಬಿದ್ದಾಗ ಆ ಕೈಯಲ್ಲಿ ಹೋಳಿಗೆಯ ಕಣಕ ಅಂಟಿಕೊಂಡಿತ್ತು. ಮಾಗೋಡಿನ ಕಡೆ ಒಂದು ಮದುವೆಮನೆ. ಅವನು ಅಡುಗೆಯವನು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಅವನ ಕೈಗುಣದ ಮಾತು ಬಂದರೆ ಜನ ಬಾಯಿ ಚಪ್ಪರಿಸುತ್ತಿದ್ದರು. ಕೈ ತೊಳೆದು ಬರುತ್ತೇನೆ ಎಂದನಂತೆ. ಶಿರಸಿಯಿಂದ ಬಂದ ಪೊಲೀಸಿನವನಿಗೆ ಬಸ್ಸು ತಪ್ಪುವ ಅವಸರ.

“ಕೈ ಕೊಡ್ರಿ ಯಜಮಾನ್ರ. ಬಸ್ಸಿನ್ಯಾಗ ನಾ ಒಬ್ಬಾಂವ ಅದೀನಿ. ನೀವು ಇಳಿದು ಓಡಿದ್ರ ನನ್ನ ನೌಕರಿ ಹೋಗ್ತದ” ಎಂದನಂತೆ.

ಅರವತ್ತು ದಾಟಿದ, ದಿನಾ ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುವ ಮನುಷ್ಯ ಬಸ್ಸಿನಿಂದ ಹಾರಿ ಕಾಡು ಸೇರುತ್ತಾನಂತೆ!

ಅವನು ಮಾಡಿದ್ದಾದರೂ ಏನು? ಮತ್ತಿಘಟ್ಟದ ಕಡೆಯ ನಮ್ಮ ದಾಯಾದಿಯೊಬ್ಬನ ಜೊತೆ ನಮ್ಮ ಮನೆಗೆ ಬರುವ ದಾರಿಯ ಬಗ್ಗೆ ತಕರಾರಿತ್ತು. ಮಾತಿಗೆ ಮಾತು ಬೆಳೆದು ಅಪ್ಪಯ್ಯ ಅವನನ್ನು ಒಮ್ಮೆ ನೂಕಿದ್ದ. ದಾಯಾದಿ ಕೇಸು ಹಾಕಿದ. ಶಿರಸಿ ಕೋರ್ಟಿನಿಂದ ತಾರೀಖು ಬಂತು. ಆ ತಾರೀಖಿಗೆ ಸರಿಯಾಗಿ ಒಂದು ಉಪನಯನದ ಅಡುಗೆ, ಮುಂದಿನದಕ್ಕೆ ಒಂದು ಮದುವೆಯದು. ಕೋರ್ಟಿಗೆ ಹೋಗು ಎಂದು ನಾನು ಬಡಿದುಕೊಂಡೆ.

“ಮುಹೂರ್ತ ಮುಂದೆ ಹಾಕಲೆ ಬತ್ತಿಲ್ಲೆ ಕೂಸೇ. ಕೋರ್ಟಿನ ತಾರೀಖು ಹೆಂಗಿದ್ರೂ ಮುಂದೆ ಹೋಗ್ತು” ಎಂದ.

ಎರಡು ಸಲ ತಪ್ಪಿಸಿಕೊಂಡದ್ದಕ್ಕೆ ಕೋರ್ಟು ವಾರಂಟು ಹೊರಡಿಸಿತು.

ನಾನು ಶಿರಸಿಯಲ್ಲಿ ಶಾಲೆಯ ಟೀಚರು. ಮದುವೆಮನೆಯವರ ಫೋನು ಬಂದದ್ದೇ ನಮ್ಮ ವಕೀಲರಿಗೆ ತಿಳಿಸಿ ಬಸ್‌ಸ್ಟ್ಯಾಂಡಿಗೆ ಓಡಿದೆ. ಯಲ್ಲಾಪುರದ ಬಸ್ಸು ಬಂತು. ಇಳಿದ ಜನ ತಮ್ಮ ಪಾಡಿಗೆ ಹೋಗಲಿಲ್ಲ, ತಿರುಗಿ ನಿಂತರು. ಆಮೇಲೆ ಅಪ್ಪಯ್ಯ. ಎರಡೂ ಕೈ ಮುಂದಕ್ಕೆ, ಅದರ ಮೇಲೆ ಅವನದೇ ಟವೆಲ್ಲು. ಹಿಡಿದುಕೊಳ್ಳಲಾಗದೆ ಮೆಟ್ಟಿಲಲ್ಲಿ ತಡವರಿಸಿದಾಗ ಕಂಡಕ್ಟರ್ ರಟ್ಟೆ ಹಿಡಿದ. ಟವೆಲ್ಲು ಜಾರಿತು. ಅವನು ಮಾಡಿದ ಪಾಯಸವನ್ನು ಕೇಳಿ ಕೇಳಿ ಹಾಕಿಸಿಕೊಂಡ ಪರಿಚಯದವರೊಬ್ಬರು ಅಲ್ಲೇ ಇದ್ದರು. ನಮ್ಮನ್ನು ಕಾಣದವರಂತೆ ಬಸ್ಸಿನ ಬೋರ್ಡು ಓದತೊಡಗಿದರು. ಪೊಲೀಸಿನವನಿಗಿಂತ ಅವರ ಮೇಲೆ ನನಗೆ ಹೆಚ್ಚು ಸಿಟ್ಟು ಬಂತು. ಅದು ಇವತ್ತಿಗೂ ಇಳಿದಿಲ್ಲ.

ಕೋರ್ಟಿನ ಗೇಟಿನ ಹೊರಗೆ ಪೊಲೀಸಿನವನು ಕೋಳ ಬಿಚ್ಚಿದ. ಅದಕ್ಕೆ ಮೆತ್ತಿದ್ದ ಕಣಕವನ್ನು ಕರ್ಚೀಫಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡ. ಕಾಯುತ್ತಿದ್ದ ವಕೀಲರು ಅಪ್ಪಯ್ಯನ ಮಣಿಕಟ್ಟಿನ ಕೆಂಪು ಗೆರೆ ನೋಡಿದರು.

“ಇಂಥ ಕೇಸಿಗೆ ಕೋರ್ಟಿನ ಅಪ್ಪಣೆ ಇಲ್ಲದೆ ಕೋಳ ಹಾಕೋ ಹಾಗೇ ಇಲ್ಲ. ಜಡ್ಜ್ ಸಾಹೇಬರು ಕೇಳ್ತಾರೆ. ಹೌದು ಅಂತ ಒಂದು ಮಾತು ಹೇಳಿ, ಉಳಿದದ್ದು ನಾನು ನೋಡ್ಕೊಳ್ತೇನೆ” ಎಂದರು. ಅಪ್ಪಯ್ಯ ಆಗಲಿ ಎಂಬಂತೆ ತಲೆಯಾಡಿಸಿದ.

ಆ ಒಂದು ಮಾತು ನನಗೆ ಬೇಕಿತ್ತು. ನಿಮಗೆ ಆದದ್ದು ಅನ್ಯಾಯ ಎಂದು ಆ ಕುರ್ಚಿಯಲ್ಲಿ ಕೂತವರ ಬಾಯಿಂದ ಕೇಳಬೇಕಿತ್ತು.

ನ್ಯಾಯಾಧೀಶರು ಮೈಸೂರು ಕಡೆಯವರು, ಊರಿಗೆ ಹೊಸಬರು. “ನಿಮಗೆ ಕೋಳ ಹಾಕಿದ್ರಾ?” ಎಂದು ಕೇಳಿದರು. ಹಿಂದಿನ ಬೆಂಚುಗಳಲ್ಲಿ ನಮ್ಮ ಕಡೆಯ ಜನವೇ ತುಂಬಿದ್ದರು. ಅಪ್ಪಯ್ಯ ಒಮ್ಮೆ ತಿರುಗಿ ಅವರನ್ನು ನೋಡಿದ.

“ಇಲ್ಲೆ” ಎಂದ.

ನಮ್ಮ ಮನೆಮಾತಿನಲ್ಲಿ ಇಲ್ಲೆ ಎಂದರೆ ಇಲ್ಲ. ಮೈಸೂರಿನ ಕಿವಿಗೆ ಅದು ಬೇರೆಯೇ ಕೇಳಿಸಿತು.

“ಇಲ್ಲೇನಾ? ಕೋರ್ಟಿನ ಒಳಗೇ?” ಎನ್ನುತ್ತ ನ್ಯಾಯಾಧೀಶರು ಪೊಲೀಸಿನವನ ಕಡೆ ತಿರುಗಿದರು. ಅವನು ಚೀಲವನ್ನು ಬೆನ್ನ ಹಿಂದೆ ಸರಿಸಿದ. ವಕೀಲರು ಮಿಸುಕಲಿಲ್ಲ. ಅಪ್ಪಯ್ಯ ಇನ್ನೊಂದು ಗಳಿಗೆ ಸುಮ್ಮನಿದ್ದಿದ್ದರೆ ಸಾಕಿತ್ತು, ವಿಚಾರಣೆ ತಾನಾಗಿ ಶುರುವಾಗುತ್ತಿತ್ತು.

ಬ್ಯಾಂಕಿಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಮನೆಮಾತು ಬಿಟ್ಟು ಒಂದಕ್ಷರ ಆಡದೆ ನನ್ನನ್ನು ಪೇಚಿಗೆ ಸಿಕ್ಕಿಸುತ್ತಿದ್ದವನು, ಅವತ್ತು ಅಚ್ಚುಕಟ್ಟಾದ ಪೇಟೆಯ ಕನ್ನಡದಲ್ಲಿ ಬಿಡಿಸಿ ಬಿಡಿಸಿ ಹೇಳಿದ: “ಹಾಗಲ್ಲ ಸ್ವಾಮಿ. ಕೋಳ ಹಾಕಲಿಲ್ಲ. ಮರ್ಯಾದೆಯಿಂದ ಕರೆದುಕೊಂಡು ಬಂದರು.”

ಜಾಮೀನು ಸಿಕ್ಕಿತು. ಕೇಸೂ ಮುಂದೆ ರಾಜಿಯಲ್ಲಿ ಮುಗಿಯಿತು. ಪೊಲೀಸಿನವನು ಹೋಗುವಾಗ ಅಪ್ಪಯ್ಯನಿಗೆ ಕೈ ಮುಗಿದ. ನನಗೆ ಮೈಯೆಲ್ಲ ಉರಿಯಿತು.

ಆಮೇಲೆ ಅಡುಗೆಗೆ ಕರೆಯುವ ಫೋನುಗಳು ನಿಂತವು. ಮೊದಲೇ ಮಾತಾಡಿಟ್ಟಿದ್ದ ತ್ಯಾಗಲಿ ಕಡೆಯ ಒಬ್ಬರು ಮಾತ್ರ ಬೇಡವೆನ್ನಲು ಫೋನು ಮಾಡಿದರು. ಅಪ್ಪಯ್ಯನಿಗೆ ಕಿವಿ ಮಂದ, ಫೋನಿನ ಮಾತು ಮನೆಯೆಲ್ಲ ಕೇಳುತ್ತದೆ.

“ಭಟ್ಟರೇ, ನಂಗಕ್ಕೆಂತ ಅಡ್ಡಿ ಇಲ್ಲೆ. ಗಂಡಿನ ಕಡೆಯವು ಬೇರೆಯವಕ್ಕೆ ಹೇಳಿದ್ದ. ನಿಂಗ ಊಟಕ್ಕೆ ಬನ್ನಿ.”

“ಕೋಳ ಹಾಕಿದ್ವಿಲ್ಲೆ ಹೇಳಿ ಕೋರ್ಟಲ್ಲೇ ಆಯ್ದಲಾ” ಎಂದ ಅಪ್ಪಯ್ಯ. ಕೋರ್ಟಿನಲ್ಲೇ ತೀರ್ಮಾನವಾಗಿದೆಯಲ್ಲ ಎಂದು ತನ್ನ ಸುಳ್ಳನ್ನೇ ಸಾಕ್ಷಿಗೆ ಕರೆದ.

“ಹೌದಡ, ಹೌದಡ” ಎಂದರು ಅವರು. ಹೌದಂತೆ ಎಂದರೇ ಹೊರತು ಹೌದು ಎನ್ನಲಿಲ್ಲ.

ಅಪ್ಪಯ್ಯ ಆ ಮದುವೆಗೆ ಹೋದ. ಇನ್ಯಾರೋ ಮಾಡಿದ ಅಡುಗೆಯನ್ನು ಪಂಕ್ತಿಯಲ್ಲಿ ಕೂತು ಉಂಡು ಬಂದ. ನನಗೆ ತಡೆಯಲಾಗಲಿಲ್ಲ.

“ಆ ದಿನ ಇದ್ದದ್ದು ಹೇಳಿದ್ರೆ ಎಂತ ಆಗ್ತಿತ್ತು ಅಪ್ಪಯ್ಯಾ?” ಎಂದು ಕೂಗಿದೆ.

ಇವಳಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಎಂಬಂತೆ ಅವನು ನನ್ನನ್ನು ನೋಡಿದ.

“ಹೇಳಿದ್ರೆ ಆಮೇಲೆ ಎನ್ನ ಅಡುಗೆಗೆ ಯಾರು ಕರೀತಿದ್ದ ಕೂಸೇ?” ಎಂದ.