ಗಾಣದ ಕಟ್ಟಗಿ ಬಟ್ಟಲ

ದೋಸ್ತರ, ದಾಡಿ ಸೋಪಿನ ನೊರಿ ಬರಸಾಕಂತ ಹುಡುಕಿ ತರಸಿದ್ದ ನನ್ನ ತೇಗದ ಬಟ್ಟಲ ಇವತ್ತ ಮುಂಜಾನೆ ಸೀಳಿ ಹೋತು. ಹಂಗ ತಗೊಂಡು ಕುಡಚಿ ಸ್ಟೇಶನ್ ಹತ್ತಿರ ಕಟಿಂಗ್ ಅಂಗಡಿ ಸಲೀಂ ಚಾಚಾನ ಕಡೆ ಹೋದ್ನಿ.

"ಕಟ್ಟಗೀನ ಖರಾಬ್ ಐತಿ ಚಾಚಾ."

"ದಾಡಿ ಆದಮ್ಯಾಲ ಎಲ್ಲಿ ಇಡತಿದ್ರಿ?"

"ನೀರಾಗ ಮುಳಗಸಿ. ನಮ್ಮಪ್ಪ ಚಕ್ಕಡಿ ಗಾಲಿ ಬಿರಿಬಾರದಂತ ಹಳ್ಳದಾಗ ನೆನಿ ಇಡತಿದ್ದ, ಹಂಗ."

ಚಾಚಾ ಕತ್ರಿ ಕೆಳಗಿಟ್ಟು ನಕ್ಕ. "ಇದೇನ್ ಚಕ್ಕಡಿ ಏನ್ರಿ? ಬಟ್ಟಲಕ್ಕ ನೀರ ಕುಡಸಬಾರದು, ಎಣ್ಣಿ ಕುಡಸಬೇಕು." ತನ್ನ ಕರೀ ಬಟ್ಟಲ ತೋರಿಸಿದ. ತೆಲಸಂಗದಾಗ ಎಣ್ಣಿ ತಗಿಯೂ ಎತ್ತಿನ ಗಾಣ ಬಿಚ್ಚಿದಾಗ ಅವರಜ್ಜ ಅದರ ತುಂಡ ತಂದು ಕೆತ್ತಿಸಿದ್ದಂತ.

ಅದರಾಗ ನೀರ ಹಾಕಿದ್ರ ಕಟ್ಟಗಿಗೆ ಹತ್ತಲೇ ಇಲ್ಲ, ಮುತ್ತಿನಂಗ ಉರುಳಿ ಹೋತು. ಮೂಸಿ ನೋಡಿದ್ನಿ. ಸೋಪಿನ ವಾಸನಿ ಅಡಿಯೊಳಗ ಇನ್ನೂ ಕುಸಬಿ ಎಣ್ಣಿ! ಆ ಗಾಣ ನಾ ಹುಟ್ಟೂಕಿಂತ ಮೊದಲ ನಿಂತದ್ದು.

"ಹೊಸಾ ಬಟ್ಟಲ ತಂದ್ರ ಹಿಂಗಾಗಾಕ ಎಷ್ಟ ದಿನ ಬೇಕು ಚಾಚಾ?"

"ದಿನ ಅಲ್ರಿ, ಇದಕ್ಕ ಮೂರ ತಲಿಮಾರ ಹಿಡದಾವು."

ಬರೂವಾಗ ಹೊಸಾ ಬಟ್ಟಲ ತಂದೀನಿ, ಮೊದಲನೇ ಹನಿ ಎಣ್ಣಿನೂ ಕುಡಿಸೀನಿ. ನನ್ನ ಮಗಗ ಇನ್ನೂ ಮೀಸಿ ಬಂದಿಲ್ಲ. ಅವನ ಮೊಮ್ಮಗನ ದಾಡಿಗೆ ಬಟ್ಟಲ ತಯಾರ ಇರತೈತಿ.